ಮಾಲೀಕರು ಕೂತಾಗ ಬಾರದ ದೋಷ

ವರ್ಕ್‌ಶಾಪಿನ ಕೆಲಸ ಬಿಟ್ಟ ಮೇಲೂ ಬಹಳ ದಿನ ನನ್ನ ಉಗುರಿನ ಅಂಚಿನಲ್ಲಿ ಆಯಿಲಿನ ಕಪ್ಪು ಗೆರೆ ಉಳಿದಿತ್ತು. ಈಗ ಅಲ್ಲಿ ಸೀಮೆಸುಣ್ಣದ ಪುಡಿ ಕೂರುತ್ತದೆ. ನಿವೃತ್ತಿ ಎನ್ನುವಷ್ಟು ವಯಸ್ಸು ನನಗಾಗಿಲ್ಲ. ಕೆಲಸ ಬಿಟ್ಟ ಕಾರಣ ಮನೆಯದು, ಅದು ಇಲ್ಲಿ ಬೇಡ. ಆದರೆ ನಾನೀಗ ಪಾಠ ಹೇಳುವ ಪಾಲಿಟೆಕ್ನಿಕ್ಕಿನಲ್ಲಿ ನಮ್ಮ ಕಡೆಯ ಹುಡುಗಿಯರೂ ಹುಡುಗರೂ ಕ್ಲಾಸ್ ಮುಗಿದ ಮೇಲೆ ಬಂದು, "ಮೇಡಂ, ಗ್ಯಾರೇಜಿನಾಗ ಖರೇ ಕೆಲಸ ಏನಿರ್ತದರಿ?" ಎಂದು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಉತ್ತರ ಕೊಡುವುದು ನನಗೆ ಬರುವುದಿಲ್ಲ. ಬರೆದರೆ ಸ್ವಲ್ಪ ಸರಿಯಾಗಿ ಹೇಳಬಲ್ಲೆ.

ಜಹೀರಾಬಾದಿನ ಹೆದ್ದಾರಿ ಬದಿಯ ಆ ವರ್ಕ್‌ಶಾಪಿಗೆ ನಾನು ಇಂಜಿನಿಯರಿಂಗ್ ಮುಗಿಸಿ ಸೇರಿದಾಗ ನನ್ನ ಕೆಲಸ ಸ್ಕ್ಯಾನರ್ ನೋಡುವುದು. ಕಾರಿನ ಕಂಪ್ಯೂಟರಿಗೆ ತಂತಿ ಜೋಡಿಸಿ, ಅದು ನೆನಪಿಟ್ಟುಕೊಂಡ ದೋಷದ ಕೋಡ್ ಓದಿ, ಯಾವ ಭಾಗ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗಳಿಗೆ ತಿಳಿಸಬೇಕು. ನನ್ನ ಮೇಲಿನವರು ಸೂಪರ್‌ವೈಸರ್ ಮಾಣಿಕರಾವ್. ಸ್ಕ್ಯಾನರ್ ಬರುವ ಮೊದಲು ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ದೋಷ ಹಿಡಿಯುತ್ತಿದ್ದರಂತೆ. ನಾನು ಬಂದ ಮೇಲೂ ಸ್ಕ್ರೂಡ್ರೈವರ್ ಅವರ ಜೇಬಿನಲ್ಲೇ ಇತ್ತು. ಬೆನ್ನು ಕೆರೆದುಕೊಳ್ಳಲು ಉಪಯೋಗಿಸುತ್ತಿದ್ದರು.

ಸೇರಿದ ಹೊಸತರಲ್ಲಿ ಒಂದು ಕಾರು ಟರ್ಬೊ ಒತ್ತಡದ ಸೆನ್ಸರಿನ ಕೋಡ್ ತೋರಿಸಿತು. ನಾನು ಸೆನ್ಸರ್ ಬದಲಿಸಿ ಎಂದೆ. ಬದಲಿಸಿದರು. ಕಾರು ಗೇಟು ದಾಟುವ ಮೊದಲೇ ದೀಪ ಮತ್ತೆ ಹೊತ್ತಿತು. ಮಾಣಿಕರಾವ್ ಬಾನೆಟ್ ಎತ್ತಿಸಿ, ಬಿರುಕು ಬಿಟ್ಟ ರಬ್ಬರ್ ಪೈಪನ್ನು ಬೆರಳಿನಿಂದ ಅಗಲಿಸಿ ತೋರಿಸಿದರು.

"ಕೋಡ್ ಅನ್ನೋದು ಮನಿ ನಂಬರ್ ಅಲ್ರಿ ಮೇಡಂ. ಓಣಿ ಹೆಸರು. ಓಣಿಯಾಗ ಮನಿ ನೀವೇ ಹುಡುಕಬೇಕು."

ಇನ್ನೊಂದು ಪಾಠ ಸಿರ್ಗಾಪುರದ ಒಬ್ಬ ಮಾಸ್ತರರ ಕಾರಿನಿಂದ ಬಂತು. ಮತ್ತೆ ಮತ್ತೆ ಬೇರೆ ಬೇರೆ ಸೆನ್ಸರ್‌ಗಳ ದೋಷ. ಕಾರಿಗೆ ವೈರಸ್ ಹೊಕ್ಕಿದೆ ಎಂದು ಅವರು ಖಚಿತವಾಗಿ ನಂಬಿದ್ದರು. ರಾತ್ರಿ ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿದೆ. "ಮೆಕ್ಕೆಜೋಳದ ರಾಶಿ ಬಾಜೂಕ್ರಿ, ನೆರಳದ," ಎಂದರು. ಕೆಳಗಿನಿಂದ ನೋಡಿದರೆ ವೈರಿನ ಹೊದಿಕೆಯ ತುಂಬ ಇಲಿಯ ಹಲ್ಲಿನ ಗುರುತು. ಅಂದಿನಿಂದ ನಾನು ಕಾರಿನ ಬಗ್ಗೆ ಕೇಳುವ ಮೊದಲು ಕಾರಿನ ದಿನಚರಿ ಕೇಳತೊಡಗಿದೆ. ಹಾಗಿದ್ದೂ ಒಂದು ಕಾರಿನ ವಿಷಯದಲ್ಲಿ ಸರಿಯಾದ ಪ್ರಶ್ನೆ ನನಗೆ ಬೇಗ ಹೊಳೆಯಲಿಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯ ವೀರಶೆಟ್ಟಿ ಸಾವಕಾರರದು ದೊಡ್ಡ ಡೀಸೆಲ್ ಕಾರು. ಓಡಿಸುವವನು ಗೌತಮ್, ಕಲ್ಹೇರ್ ಕಡೆಯ ಒಂದು ಹಳ್ಳಿಯವನು. ಸಾವಕಾರರು ಊರಿಗೆ ಹೊರಟಾಗ ಅವರನ್ನು ಕರೆದೊಯ್ಯುವುದು ಅವನ ಅರ್ಧ ಕೆಲಸ. ಉಳಿದ ಅರ್ಧ, ಒಬ್ಬನೇ ಜಹೀರಾಬಾದ್, ನಾರಾಯಣಖೇಡದ ಕಡೆ ಹೋಗಿ ಮನೆ ಕಟ್ಟಿಸುವವರಿಗೆ, ಮೇಸ್ತ್ರಿಗಳಿಗೆ ಕಲ್ಲಿನ ನಮೂನೆ ತೋರಿಸಿ ಬರುವುದು.

ಮೊದಲ ಸಲ ಇಬ್ಬರೂ ಕೂಡಿಯೇ ಬಂದರು. ಸಾವಕಾರರು ನನ್ನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಗೌತಮ್ ಬಾಗಿಲಲ್ಲಿ ನಿಂತ.

"ನೋಡವ್ವಾ," ಎಂದರು ಸಾವಕಾರರು, "ನಾ ಕೂತಾಗ ಈ ಗಾಡಿ ಕುದುರಿ ಹಂಗ ಓಡ್ತದ. ಇವ ಒಬ್ಬನೇ ಹೋದ ಅಂದ್ರ ನಿಂದರ್ತದ. ಎಲ್ಲಿ ನಿಂದರ್ತದ ಕೇಳು."

ನಾನು ಗೌತಮ್‌ನನ್ನು ನೋಡಿದೆ.

"ನಾರಾಯಣಖೇಡದಿಂದ ತಿರುಗಿ ಬರಾಗರಿ," ಎಂದ. "ಎಂಜಿನ್ ದೀಪ ಹತ್ತತದ, ಪಿಕಪ್ ಹೋಗ್ತದ. ಎಕ್ಸಿಲೇಟರ್ ತುಳದ್ರ ನಡು ಮುರದ ಎತ್ತಿನಂಗ ನಡೀತದ. ಸ್ವಲ್ಪ ಹೊತ್ತು ಗಿಡದ ನೆಳ್ಳಿಗೆ ನಿಲ್ಲಿಸಿದ್ರ ಮತ್ತ ಬರೋಬ್ಬರಿ ಆಗ್ತದ."

"ಗಿಡದ ನೆಳ್ಳಿಗೆ!" ಸಾವಕಾರರು ತೊಡೆ ತಟ್ಟಿದರು. "ಇವನ ಊರು ಎಲ್ಲದ ಗೊತ್ತೇನು? ಅದೇ ಬಾಜೂಕ. ಗಾಡಿಗೆ ನೆಳ್ಳೋ, ಇವಗ ಹೆಂಡ್ತಿ ಕೈಯಾಗಿನ ಊಟೋ?"

ಗೌತಮ್ ನಗಲಿಲ್ಲ. ಸ್ಕ್ಯಾನರ್ ಜೋಡಿಸಿದೆ. ಇಂಧನದ ತಾಪಮಾನದ ಸೆನ್ಸರಿನ ಕೋಡ್ ಇತ್ತು: ಸಂಪರ್ಕ ಆಗಾಗ ಕಡಿದುಹೋಗುತ್ತಿದೆ ಎಂದು. ಈ ಸೆನ್ಸರ್ ಹೆಬ್ಬೆರಳಷ್ಟು ದೊಡ್ಡದು. ಡೀಸೆಲ್ ಎಷ್ಟು ಬಿಸಿಯಿದೆ ಎಂದು ಕಂಪ್ಯೂಟರಿಗೆ ಹೇಳುವುದಷ್ಟೇ ಅದರ ಕೆಲಸ. ಅದು ಮಾತು ನಿಲ್ಲಿಸಿದರೆ ಆ ಮಾದರಿಯ ಕಾರಿನಲ್ಲಿ ಕಂಪ್ಯೂಟರ್ ಎಂಜಿನ್ನಿನ ಬಲವನ್ನು ತಾನೇ ತಗ್ಗಿಸುತ್ತದೆ. ಗೌತಮ್ ಹೇಳಿದ್ದು ಅದನ್ನೇ. ನನಗೆ ಸಮಾಧಾನವಾಯಿತು.

ಆಗ ಮಾಣಿಕರಾವ್ ಹಿಂದಿನಿಂದ ಬಗ್ಗಿ ನೋಡಿ, ತಮಾಷೆಗೆಂದೇ ಅಂದರು: "ಇದೇನ್ ದೊಡ್ಡ ಮಾತಲ್ರಿ ಸಾವಕಾರ್. ಸೆನ್ಸರಿನ ವೈರ್ ಪ್ಲಗ್ ಕೈಯಿಂದ ಎಳದ್ರೂ ಇದೇ ಕೋಡ್ ಬರ್ತದ."

ಸಾವಕಾರರ ಕಣ್ಣು ಗೌತಮ್‌ನ ಕೈಯ ಮೇಲೆ ಹೋಯಿತು. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡ. ಅದು ಇನ್ನೂ ತಪ್ಪಾಗಿ ಕಂಡಿತು.

ಬಂದು ಹೋಗುವ ದೋಷದ ಸ್ವಭಾವವೇ ಇದು. ಸದಾ ಇರುವ ದೋಷವನ್ನು ಎಲ್ಲರೂ ನೋಡುತ್ತಾರೆ, ಕಾರನ್ನು ಬೈಯುತ್ತಾರೆ. ಬಂದು ಹೋಗುವ ದೋಷಕ್ಕೆ ಒಬ್ಬನೇ ಸಾಕ್ಷಿ ಇರುತ್ತಾನೆ. ನಾವು ಹುಡುಕುವವರೆಗೂ ಜನ ಆ ಸಾಕ್ಷಿಯನ್ನು ಪರೀಕ್ಷಿಸುತ್ತಾರೆ.

ಆ ದಿನ ಮಾಡಬೇಕಾದ್ದನ್ನೆಲ್ಲ ಮಾಡಿದೆ. ಎಂಜಿನ್ ಚಾಲೂ ಇಟ್ಟು, ಸೆನ್ಸರಿನಿಂದ ಹೊರಟ ವೈರನ್ನು ಇಂಚಿಂಚಾಗಿ ಅಲುಗಿಸುತ್ತ ಪರದೆಯ ಅಂಕಿ ನೋಡಿದೆ, ಕದಲಲಿಲ್ಲ. ಪ್ಲಗ್ಗಿನ ಪಿನ್ನುಗಳ ಬಿಗಿ ನೋಡಿದೆ, ಸರಿಯಿತ್ತು. ಸೆನ್ಸರಿನ ವಿದ್ಯುತ್ ರೋಧ ಅಳೆದೆ, ಅದೂ ಸರಿಯಿತ್ತು. ಹೆದ್ದಾರಿಯ ಮೇಲೆ ಓಡಿಸಿ ಬಂದೆ. ದೋಷ ಬರಲಿಲ್ಲ. ಸುಮ್ಮನೆ ಸೆನ್ಸರ್ ಬದಲಿಸಿ ಕಳುಹಿಸಬಹುದಿತ್ತು. ರಬ್ಬರ್ ಪೈಪಿನ ನೆನಪು ತಡೆಯಿತು. ಅಲ್ಲದೆ, ಕಾರಣ ತಿಳಿಯದೆ ಬದಲಿಸಿದರೆ ಕಾರು ಸರಿಹೋದರೂ, ಗೌತಮ್ ಹೆದರಿ ಪ್ಲಗ್ ಎಳೆಯುವುದು ಬಿಟ್ಟ ಎಂದೇ ಸಾವಕಾರರು ತಿಳಿಯುತ್ತಿದ್ದರು.

ಬಾನೆಟ್ ಮುಚ್ಚುವಾಗ ಗೌತಮ್ ಹತ್ತಿರ ಬಂದ. "ಮೇಡಂ, ಆ ಪ್ಲಗ್ಗಿಗೆ ಸೀಲ್ ಹಾಕ್ಲಿಕ್ಕೆ ಬರ್ತದೇನ್ರಿ?"

"ಯಾಕೆ?"

"ನಾ ಮುಟ್ಟಿಲ್ಲ ಅಂತ ಗೊತ್ತಾಗ್ಲಿ."

ಬಿಗಿ ಮಾಡಿದ ಬೋಲ್ಟಿನ ಮೇಲೆ ಗುರುತಿಗೆಂದು ನಾವು ಹಳದಿ ಬಣ್ಣದ ಗೆರೆ ಎಳೆಯುತ್ತೇವೆ. ಬೋಲ್ಟ್ ತಿರುಗಿದರೆ ಗೆರೆ ಮುರಿಯುತ್ತದೆ. ಅದೇ ಬಣ್ಣದಿಂದ ಪ್ಲಗ್ಗಿಗೂ ಸೆನ್ಸರಿಗೂ ಸೇರಿಸಿ ಒಂದು ಗೆರೆ ಎಳೆದೆ. ಬೋಲ್ಟಿಗೆ ಎಳೆಯುವ ಗೆರೆಯನ್ನು ಒಬ್ಬ ಮನುಷ್ಯನಿಗಾಗಿ ಎಳೆಯುವುದು ನನಗೆ ಹಿಡಿಸಲಿಲ್ಲ. ಕೇಳಿದವನು ಅವನೇ ಆದ್ದರಿಂದ ಎಳೆದೆ.

ಮುಂದಿನ ವಾರವೇ ಗೌತಮ್ ಒಬ್ಬನೇ ಕಾರನ್ನು ಮರಳಿ ತಂದ. ಅದೇ ದಾರಿ, ಅದೇ ಕೋಡ್. ಹಳದಿ ಗೆರೆ ಕೂದಲಷ್ಟೂ ಬಿರಿದಿರಲಿಲ್ಲ. ಸಾವಕಾರರನ್ನು ಫೋನ್ ಮಾಡಿ ಕರೆಸಿ, ಅವರು ಬಸ್ಸಿನಲ್ಲಿ ಬಂದ ಮೇಲೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಛಲೋ ಅದ," ಎಂದರು. "ಈ ಬಣ್ಣ ಬಜಾರದಾಗ ಸಿಗ್ತದೇನು?"

"ಸಿಗ್ತದರಿ," ಎಂದೆ.

"ಮತ್ತ?" ಎಂದು ಕನ್ನಡಕ ಇಳಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು, "ನಿನ್ನೆ ಕಾರ್ಖಾನ್ಯಾಗ ಮಂದಿ ಮುಂದ ಇವಗ ಹೇಳೀನಿ. ಸುಳ್ಳ ಹೇಳವ್ರು ನನಗ ಬ್ಯಾಡ. ಹೊಸಾ ಡ್ರೈವರ್ ನೋಡ್ಲಿಕ್ಕತ್ತೀನಿ. ಅವ ಸಿಗೋತನಾ ಇವ ಇರ್ತಾನ."

ಸಾವಕಾರರು ಬಸ್ಸಿಗೆ ಹೊರಟ ಮೇಲೆ ಗೌತಮ್ ನನ್ನೊಡನೆ ಹೇಳಿದ: "ನೌಕರಿ ಇನ್ನೊಂದ ಸಿಗ್ತದರಿ. ಈ ಮಾತು ನನಗಿಂತ ಮೊದಲ ಅಲ್ಲಿ ಹೋಗಿ ಕುಂತಿರ್ತದ."

ತಾಂಡೂರಿನಲ್ಲಿ ಕಲ್ಲಿನ ಕಾರ್ಖಾನೆಗಳು ಒಂದಕ್ಕೊಂದು ಗೋಡೆ ತಾಗಿಸಿಕೊಂಡಿವೆ. ಅವನು ಹೇಳಿದ್ದು ಅತಿಯಾದ ಮಾತಲ್ಲ.

ಈ ಸಲ ನಾನೇ ಅವನ ಜೊತೆ ನಾರಾಯಣಖೇಡಕ್ಕೆ ಹೋಗಿ ಬರುತ್ತೇನೆ ಎಂದು ಮಾಣಿಕರಾವ್‌ಗೆ ಹೇಳಿದೆ. ಅವರಿಗೆ ಎರಡು ಚಿಂತೆ. ಒಂದನ್ನು ಬಾಯಿಬಿಟ್ಟು ಹೇಳಲಿಲ್ಲ. ಗುಮಾಸ್ತೆ ಶಾಂತಾಬಾಯಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಇನ್ನೊಂದನ್ನು ಹೇಳಿದರು: "ಕ್ಯಾನಿನಿಂದ ಡೀಸೆಲ್ ಹಾಕ್ಕೊಂಡ ಹೋಗ್ರಿ." ಅದು ನಮ್ಮಲ್ಲಿನ ನಿಯಮ. ಹಿಂದೊಮ್ಮೆ ಪರೀಕ್ಷೆಗೆ ಒಯ್ದ ಕಾರು ನಡುದಾರಿಯಲ್ಲಿ ಡೀಸೆಲ್ ಮುಗಿದು ನಿಂತು ಮರ್ಯಾದೆ ಹೋಗಿತ್ತು. ಅಂದಿನಿಂದ ದೂರ ಓಡಿಸುವ ಮೊದಲು ಟ್ಯಾಂಕಿಗೆ ಡೀಸೆಲ್ ಸುರಿಯಬೇಕು. ಮೊದಲ ಸಲ ನಾನೂ ಸುರಿಸಿದ್ದೆ. ಆದರೆ ಈ ದಿನ ಕ್ಯಾನು ಖಾಲಿಯಿತ್ತು. ಗೌತಮ್, "ಹೋಗಿ ಬರಾಕ ಸಾಕಾಗ್ತದರಿ, ನನಗ ರೂಢಿ ಅದ," ಎಂದ. ಹೊರಟೆವು.

ನಾನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಪರದೆಯ ಮೇಲೆ ಡೀಸೆಲಿನ ತಾಪಮಾನ ಒಂದು ಗೆರೆಯಾಗಿ ಸಾಗುತ್ತಿತ್ತು. ಹೊರಗೆ ಬಿಸಿಲು. ಹೋಗುವಾಗ ಏನೂ ಆಗಲಿಲ್ಲ. ನಾರಾಯಣಖೇಡದಲ್ಲಿ ಗೌತಮ್ ಒಬ್ಬ ಮೇಸ್ತ್ರಿಗೆ ಕಲ್ಲಿನ ನಮೂನೆ ತೋರಿಸಿ ಬಂದ. ತಿರುಗಿ ಬರುವಾಗ ಗೆರೆ ಏರತೊಡಗಿತು. ಅರವತ್ತು ದಾಟಿತು. ವರ್ಕ್‌ಶಾಪಿನ ಪರೀಕ್ಷೆಯಲ್ಲಿ ಅದು ಐವತ್ತು ಮುಟ್ಟಿದ್ದನ್ನೂ ನಾನು ಕಂಡಿರಲಿಲ್ಲ. ಎಪ್ಪತ್ತರ ಆಚೆ ಗೆರೆ ಒಮ್ಮೆ ನಡುಗಿತು. ಮರುಕ್ಷಣ ಕಡಿದು ಪರದೆಯ ಬುಡಕ್ಕೆ ಬಿತ್ತು. ಅಂಕಿ ಮೈನಸ್ ನಲವತ್ತು. ಸೆನ್ಸರಿನೊಳಗಿನ ಸಂಪರ್ಕ ಕಡಿದರೆ ಕಂಪ್ಯೂಟರಿಗೆ ಅದು ಹಿಮಗಟ್ಟಿದ ಚಳಿಯಂತೆ ಕಾಣುತ್ತದೆ. ದೀಪ ಹೊತ್ತಿತು. ಕಾರು ಸೋತಿತು.

"ನೋಡ್ರಿ! ಬಂತು ನೋಡ್ರಿ!" ಗೌತಮ್ ಸ್ಟೀರಿಂಗಿಗೆ ಬಡಿದ. ಕಾರು ಕೆಟ್ಟದ್ದಕ್ಕೆ ಡ್ರೈವರ್ ಇಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಅಯ್ಯ ಶಿವನ, ಗಾಡಿ ನಿಂತದ, ಈತ ನಗಲಿಕ್ಕತ್ಯಾನ," ಎಂದರು ಶಾಂತಾಬಾಯಿ.

ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಬಾನೆಟ್ ಎತ್ತಿದೆ. ಪ್ಲಗ್ ಗಟ್ಟಿಯಾಗಿ ಕೂತಿತ್ತು, ಹಳದಿ ಗೆರೆ ಇದ್ದಂತೆಯೇ ಇತ್ತು. ಸ್ವಲ್ಪ ಹೊತ್ತಿಗೆ ಅಂಕಿ ತಾನಾಗಿ ಮೇಲೆದ್ದು ನಿಜದ ತಾಪಮಾನಕ್ಕೆ ಬಂತು. ಬಿಸಿಗೆ ಕಡಿಯುತ್ತದೆ, ತಣಿದರೆ ಕೂಡುತ್ತದೆ. ದೋಷ ಸೆನ್ಸರಿನ ಒಳಗೇ ಇದೆ. ಅಷ್ಟು ಗೊತ್ತಾಯಿತು. ಆದರೆ ಸಾವಕಾರರೂ ಇದೇ ಬಿಸಿಲಿನಲ್ಲಿ, ಇದಕ್ಕಿಂತ ದೂರ ಹೋಗುತ್ತಾರೆ. ಅವರಿದ್ದಾಗ ಡೀಸೆಲ್ ಏಕೆ ಇಷ್ಟು ಕಾಯುವುದಿಲ್ಲ?

ಮತ್ತೆ ಸೀಟಿನಲ್ಲಿ ಕೂತಾಗ ಡ್ಯಾಶ್‌ಬೋರ್ಡಿನ ಮೇಲೆ ಇನ್ನೊಂದು ಚಿಕ್ಕ ದೀಪ ಕಾಣಿಸಿತು. ಡೀಸೆಲ್ ತಳಕ್ಕೆ ಬಂದಿದೆ ಎನ್ನುವ ದೀಪ.

"ಇದು ಯಾವಾಗ ಹತ್ತಿತು?"

"ಅದಾ? ಅದು ಯಾವಾಗ್ಲೂ ಇರ್ತದ ಬಿಡ್ರಿ, ನಾ ಒಬ್ಬನೇ ಇದ್ದಾಗ."

"ಯಾಕೆ?"

ಅವನು ರಸ್ತೆಯ ಕಡೆ ನೋಡುತ್ತ ಹೇಳಿದ. "ಸಾವಕಾರ್ ತಾವು ಹೊಂಟ್ರ ಟ್ಯಾಂಕ್ ಫುಲ್ ಮಾಡಿಸ್ತಾರ್ರಿ. ನಾ ಒಬ್ಬನೇ ಹೊಂಟ್ರ ಹೋಗಿ ಬರಾಕ ಎಷ್ಟು ಬೇಕೋ ಅಷ್ಟೇ. ಡ್ರೈವರ್ ಮಂದಿ ಡೀಸೆಲ್ ತಗದು ಮಾರ್ತಾರ ಅಂತ. ಮುಂಚೆ ಇದ್ದವ ಮಾರ್ಯಾನಂತ. ನಾ ಏನನ್ಲಿ?"

ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಇಂಥ ಎಂಜಿನ್ ತಾನು ಉರಿಸುವುದಕ್ಕಿಂತ ಹೆಚ್ಚು ಡೀಸೆಲ್ ಎಳೆದುಕೊಂಡು, ಉಳಿದದ್ದನ್ನು ಬಿಸಿ ಮಾಡಿ ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಟ್ಯಾಂಕ್ ತುಂಬಿದ್ದರೆ ಆ ಬಿಸಿ ಹಂಡೆ ನೀರಿಗೆ ಸುರಿದ ಒಂದು ಚೊಂಬು ಬಿಸಿನೀರಿನಂತೆ ಕಳೆದುಹೋಗುತ್ತದೆ. ತಳದಲ್ಲಿ ಸ್ವಲ್ಪವೇ ಇದ್ದರೆ ಅದೇ ಡೀಸೆಲ್ ಸುತ್ತಿ ಸುತ್ತಿ ಕಾಯುತ್ತ ಹೋಗುತ್ತದೆ. ಕುಂಟು ಸೆನ್ಸರ್ ಕಡಿಯಲು ಅಷ್ಟು ಬಿಸಿ ಬೇಕಿತ್ತು. ಸಾವಕಾರರು ಕೂತ ದಿನ ಆ ಬಿಸಿ ಹುಟ್ಟುತ್ತಲೇ ಇರಲಿಲ್ಲ. ನಮ್ಮ ನಿಯಮದ ಕ್ಯಾನೂ ಅದನ್ನು ಹುಟ್ಟಗೊಡಲಿಲ್ಲ.

ಮಾಣಿಕರಾವ್‌ಗೆ ಎಲ್ಲ ಹೇಳಿದೆ. ಅವರು ಪರದೆಯ ಮೇಲೆ ಗೆರೆ ಕಡಿದ ಜಾಗವನ್ನು ನೋಡಿದರು. "ಶಾಬ್ಬಾಸ್," ಎಂದರು. ನಂತರ ದನಿ ತಗ್ಗಿಸಿ, "ಸೆನ್ಸರ್ ಖರಾಬ್ ಇತ್ತು, ಬದಲಿ ಮಾಡಿದ್ವಿ ಅನ್ರಿ. ಡೀಸೆಲ್ ಮಾತು ತೆಗೀಬ್ಯಾಡ್ರಿ. ದೊಡ್ಡ ಗಿರಾಕಿ. ಅವರ ಮನಿ ಖರ್ಚಿನ ಹಿಡಿತದ ಮಾತು ನಮಗ್ಯಾಕ?" ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಸಾವಕಾರರು ಬಂದ ದಿನ ಕಾರಿನಿಂದ ಸೆನ್ಸರನ್ನು ಅವರೆದುರೇ ಬಿಚ್ಚಿಸಿದೆ. ಚಹಾ ಕಾಸುವ ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ಅದರಲ್ಲಿ ಥರ್ಮಾಮೀಟರ್ ಮುಳುಗಿಸಿದೆ. ಸೆನ್ಸರಿನ ತುದಿಯಷ್ಟನ್ನು ನೀರಿಗೆ ಇಳಿಬಿಟ್ಟು, ಮೀಟರಿನ ಎರಡು ತಂತಿ ಅದರ ಪಿನ್ನುಗಳಿಗೆ ಹಚ್ಚಿದೆ.

"ಏನವ್ವಾ, ಬ್ಯಾಳಿ ಕುದಸ್ತೀಯೇನು?" ಎಂದರು ಸಾವಕಾರರು.

"ಈ ಅಂಕಿ ನೋಡ್ತಾ ಇರ್ರಿ. ಇದು ಸೆನ್ಸರಿನ ರೋಧ, ನೀರು ಕಾದಂಗ ಇಳೀಬೇಕು."

ಇಳಿಯುತ್ತ ಹೋಯಿತು. ಕೆಲಸ ಬಿಟ್ಟು ಮೆಕ್ಯಾನಿಕ್‌ಗಳೂ ಸುತ್ತ ನಿಂತರು. ನೀರಿನಿಂದ ಹಬೆ ಏಳತೊಡಗಿ, ಎಪ್ಪತ್ತು ದಾಟಿದ ಸ್ವಲ್ಪ ಹೊತ್ತಿಗೆ ಅಂಕಿ ಮಾಯವಾಯಿತು. ಮೀಟರ್ ಸಂಪರ್ಕವಿಲ್ಲ ಎಂದು ತೋರಿಸಿತು. ಒಲೆ ಆರಿಸಿ ತಣ್ಣೀರು ಸುರಿದೆ. ಅಂಕಿ ಮರಳಿತು. ಮತ್ತೆ ಕಾಸಿದೆ. ಮತ್ತೆ ಮಾಯವಾಯಿತು.

"ಇಲ್ಲಿ ಯಾರೂ ಪ್ಲಗ್ ಎಳದಿಲ್ಲರಿ," ಎಂದೆ.

ಸಾವಕಾರರು ಪಾತ್ರೆಯೊಳಗೆ ಬಗ್ಗಿ ನೋಡಿದರು. ಅವರು ದಡ್ಡರಲ್ಲ. ನಾನು ಕಾದಿದ್ದ ಪ್ರಶ್ನೆಯನ್ನೇ ಕೇಳಿದರು. "ಹಂಗಿದ್ರ ನಾ ಕೂತಾಗ ಯಾಕ ಬರಲಿಲ್ಲ?"

ಮಾಣಿಕರಾವ್ ಕೆಮ್ಮಿದರು. ನಾನು ಹೇಳಿದೆ. ತುಂಬಿದ ಟ್ಯಾಂಕ್, ತಳ ಕಂಡ ಟ್ಯಾಂಕ್, ತಿರುಗಿ ಬರುವ ಬಿಸಿ ಡೀಸೆಲ್, ಎಲ್ಲವನ್ನೂ ಪಾತ್ರೆ ತೋರಿಸಿ ಹೇಳಿದೆ. ಹೇಳುವಾಗ ನನ್ನ ದನಿ ಎಂದಿಗಿಂತ ಸಣ್ಣದಾಗಿತ್ತು. ಆದರೂ ಏನನ್ನೂ ಬಿಡಲಿಲ್ಲ.

"ಅಂದ್ರ ನಾ ಅಳದು ಹಾಕ್ಸಿದ್ದಕ್ಕ ಗಾಡಿ ನಿಂತಿತು ಅಂತೀ."

"ನಿಂತದ್ದು ಸೆನ್ಸರಿನಿಂದರಿ. ಗೌತಮ್ ಒಬ್ಬನೇ ಇದ್ದಾಗಷ್ಟೇ ನಿಂತದ್ದು ಡೀಸೆಲ್ ಅಳದು ಹಾಕ್ಸಿದ್ದರಿಂದ."

ಅವರು ಕುರ್ಚಿಯಲ್ಲಿ ಕೂತರು. ಹೆಗಲ ಮೇಲಿನ ಟವೆಲ್ ತೆಗೆದು ಕತ್ತು ಒರೆಸಿಕೊಂಡರು. "ಹೊಸಾದು ಹಾಕ್ರಿ," ಎಂದರು. ಹಾಕಿದೆವು. ಅವರು ಎದ್ದು ಕಾರಿನ ಕಡೆ ನಡೆದು, "ನಡಿಯಪ್ಪಾ ಗೌತಮ್. ಆತಲ್ಲ ಇನ್ನ. ನೀನೇ ಇರು," ಎಂದರು.

ಗೌತಮ್ ನಿಂತ ಜಾಗದಿಂದ ಕದಲಲಿಲ್ಲ.

"ಸಾವಕಾರ್, ಒಂದ ಮಾತು."

"ಹೇಳು."

"ಯಾರ ಮುಂದ ನನಗ ಸುಳ್ಳ ಅಂದ್ರಿ, ಅವರ ಮುಂದ ಖರೆ ಅನ್ರಿ. ಮತ್ತ ಬರ್ತೀನಿ. ಇಲ್ಲಂದ್ರ ಕೀಲಿ ಇಲ್ಲೇ ಮೇಡಂ ಹಂತೇಕ ಇಟ್ಟು ಹೋಗ್ತೀನಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಮಾಣಿಕರಾವ್ ಅವನ ಭುಜ ಹಿಡಿದು, "ಏ, ಹೋಗ್ಲಿ ಬಿಡೋ," ಎಂದರು. ಅವನು ಮೆಲ್ಲಗೆ ಭುಜ ಬಿಡಿಸಿಕೊಂಡ. ಸಾವಕಾರರ ಮುಖ ಕೆಂಪಾಯಿತು. ಕಾರು ಬಿಟ್ಟು ಬಸ್ಸಿಗೆ ಹೋಗುತ್ತಾರೆಂದೇ ನಾನು ತಿಳಿದೆ. ಅವರು ಜೇಬಿನಿಂದ ಫೋನ್ ತೆಗೆದು, ಕಾರ್ಖಾನೆಯ ಮುನೀಮನಿಗೆ ಹಚ್ಚಿ, ಸ್ಪೀಕರ್ ಒತ್ತಿದರು. ಆ ಕಡೆ ಪಾಲಿಶ್ ಯಂತ್ರಗಳು ಕಲ್ಲನ್ನು ಉಜ್ಜುವ ಗರಗರ ಸದ್ದು ಬಂತು.

"ಏ ಮುನೀಮಾ, ಗೌತಮ್ ಸುಳ್ಳ ಹೇಳಿಲ್ಲ."

"ಏನ್ರಿ?"

"ಗೌತಮ್! ಸುಳ್ಳ ಹೇಳಿಲ್ಲ!"

"ಕೇಳಸವಲ್ದರಿ ಸಾವಕಾರ್! ಮಷಿನ್ ಚಾಲೂ ಅದಾವ! ಜೋರ್ ಅನ್ರಿ!"

"ಗೌತಮ್ ಸುಳ್ಳ ಹೇಳಿಲ್ಲ!" ಸಾವಕಾರರ ಕೂಗು ತಗಡಿನ ಮಾಡಿಗೆ ಬಡಿಯಿತು. ಹೆದ್ದಾರಿಯಾಚೆ ಚಹಾದಂಗಡಿಯ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ಯಾರೂ ನಗಲಿಲ್ಲ.

"ಗೌತಮ್ ಏನ್ ಮಾಡ್ಯಾನ್ರಿ?"

ಸಾವಕಾರರು ಕಣ್ಣು ಮುಚ್ಚಿದರು. "ಮಷಿನ್ ಬಂದ್ ಮಾಡ್ಸು," ಎಂದರು. "ಎಲ್ಲಾ ಮಷಿನ್. ಮಂದೀನ ಫೋನ್ ಹಂತೇಕ ಕರಿ."

ಒಂದೊಂದಾಗಿ ಯಂತ್ರಗಳು ನಿಂತದ್ದು ನಮಗೆ ಇಲ್ಲಿಗೇ ಕೇಳಿಸಿತು. ಕೊನೆಯದು ಉಸಿರು ಬಿಟ್ಟಂತೆ ನಿಂತ ಮೇಲೆ ಆ ಕಡೆ ಕಾಲುಗಳ ಸಪ್ಪಳ, ಯಾರದೋ ಕೆಮ್ಮು. ಆಮೇಲೆ ಏನೂ ಇಲ್ಲ. ಸಾವಕಾರರು ಫೋನನ್ನು ಬಾಯಿಯ ಹತ್ತಿರ ತಂದರು.

"ಗಾಡಿ ಖರೇನೇ ಕೆಟ್ಟಿತ್ತು," ಎಂದರು ಮೆಲ್ಲಗೆ. "ಗೌತಮ್ ಹೇಳಿದ್ದು ಖರೆ ಇತ್ತು. ನಂದೇ ತಪ್ಪಾತು."

ಆ ಕಡೆಯಿಂದ ಮುನೀಮ, "ಹೂಂನ್ರಿ, ಎಲ್ಲಾರ್ಗೂ ಕೇಳ್ತು," ಎಂದ.

ಗೌತಮ್ ಹೋಗಿ ಸಾವಕಾರರಿಗೆ ಕಾರಿನ ಬಾಗಿಲು ತೆರೆದು ಹಿಡಿದ.